ಚಿತ್ರದಲ್ಲಿಲ್ಲದವರು

ಮನೆ ಬದಲಿಸುವ ದಿನ ಮನುಷ್ಯನ ಆಸ್ತಿಯ ನಿಜವಾದ ಲೆಕ್ಕ ಹೊರಬೀಳುತ್ತದೆ. ಕಳೆದ ವರ್ಷ ಬೆಳಗಾವಿಯ ಟಿಳಕವಾಡಿಯ ಹಳೆಯ ಮನೆಯನ್ನು ಬಿಡುವಾಗ ನನ್ನ ಕೈಗೆ ಬಂದುದು ಮೂರು ಕ್ಯಾಮರಾಗಳು ಮತ್ತು ನೆಗೆಟಿವುಗಳನ್ನು ತುಂಬಿದ್ದ ಒಂದು ಬಿಸ್ಕೀಟಿನ ಡಬ್ಬಿ.

ಮೂರರಲ್ಲಿ ಹಿರಿಯದು ತಂದೆಯವರ ಆಗ್ಫಾ ಕ್ಲಿಕ್ ೩, ಬರೋಡೆಯಲ್ಲಿ ತಯಾರಾದುದು. ೧೨೦ ಅಳತೆಯ ಒಂದು ಸುರುಳಿಗೆ ೧೨ ಚಿತ್ರ. ಒಂದೊಂದೂ ಆರು ಸೆಂಟಿಮೀಟರಿನ ಚೌಕ. ಅವಕಾಶ ಹನ್ನೆರಡೇ ಆದುದರಿಂದ ಗುಂಡಿಯೊತ್ತುವ ಮುನ್ನ ತಂದೆಯವರು ಬಹಳ ಹೊತ್ತು ಯೋಚಿಸುತ್ತಿದ್ದರು.

೧೯೭೧ರಲ್ಲಿ, ನಾನು ಹತ್ತು ವರ್ಷದವನಿದ್ದಾಗ, ಅವರು ನಮ್ಮನ್ನು ಖಾನಾಪುರ ತಾಲ್ಲೂಕಿನ ಹಲಸಿಗೆ ಕರೆದೊಯ್ದರು. ಖಾನಾಪುರದವರೆಗೆ ರೈಲು, ಮುಂದೆ ಬಸ್ಸು. ಕದಂಬರ ಶಾಸನಗಳ ಪಲಾಶಿಕೆಯೇ ಈ ಹಲಸಿ. ಭೂವರಾಹ ನರಸಿಂಹ ದೇವಾಲಯದ ಮುಂದೆ ಅವ್ವನನ್ನೂ ನನ್ನನ್ನೂ ನಿಲ್ಲಿಸಿ, “ಸೂರ್ಯ ನನ್ನ ಬೆನ್ನಿಗಿರಲಿ, ನಿಮ್ಮ ಮಾರಿಗೆ ಬೆಳಕು ಬೀಳ್ತದ” ಎನ್ನುತ್ತ ಹಿಂದೆ ಸರಿದರು. ಸಂಜೆಯ ಬಿಸಿಲು, ಅವರ ನೆರಳು ನಮ್ಮ ಕಾಲಿನವರೆಗೂ ಚಾಚಿತು.

ತಂದೆಯವರು ೧೯೭೯ರಲ್ಲಿ ತೀರಿಕೊಂಡರು. ನೌಕರಿ ಸಿಕ್ಕ ಮೇಲೆ ನಾನು ೩೫ ಮಿಲಿಮೀಟರಿನ ಯಾಷಿಕಾ ಕೊಂಡೆ. ಒಂದು ಸುರುಳಿಗೆ ೩೬ ಚಿತ್ರ! ಅದರ ಜೊತೆಗೆ ಅಲ್ಪಸ್ವಲ್ಪ ವಿದ್ವತ್ತೂ ಬಂದಿತು. ಹಲಸಿಯ ಚಿತ್ರದಲ್ಲಿ ಬಿದ್ದ ನೆರಳು ನನಗೀಗ ದೋಷವಾಗಿ ಕಂಡಿತು. ಸ್ಟುಡಿಯೋಗೆ ಹೋಗಿ, “ಕೆಳಗಿನ ಭಾಗವನ್ನು ಬಿಟ್ಟು ದೊಡ್ಡದು ಮಾಡಿರಿ” ಎಂದೆ. ಅವರು ಹಾಗೆಯೇ ಮಾಡಿದರು. ಮುಂದೆ ಒಂದು ಮಳೆಗಾಲದಲ್ಲಿ ಹಳೆಯ ಆಲ್ಬಮ್ಮು ಗೆದ್ದಲಿನ ಪಾಲಾಯಿತು. ಗೋಡೆಯ ಮೇಲಿನ ನಿರ್ದೋಷ ಚಿತ್ರವೊಂದೇ ಉಳಿಯಿತು.

೨೦೦೯ರಲ್ಲಿ ಕೊಂಡ ನಿಕಾನ್ ಡಿ ೯೦ಕ್ಕೆ ಸುರುಳಿಯೇ ಬೇಡ. ಒಂದೊಂದು ಚಿತ್ರಕ್ಕೂ ೧ ಕೋಟಿ ೨೩ ಲಕ್ಷ ಬಿಂದುಗಳು. ಸಾವಿರಾರು ಚಿತ್ರ ತೆಗೆದೆ. ಯಾವುದಕ್ಕೂ ಹೆಚ್ಚು ಯೋಚಿಸಲಿಲ್ಲ.

ಸಾಮಾನು ಕಟ್ಟುತ್ತಿದ್ದಾಗ ಎಂಬತ್ತೆಂಟರ ಅವ್ವ ಕೇಳಿದಳು: “ನಿಮ್ಮಪ್ಪಂದು ಒಂದೂ ಫೋಟೋ ಇಲ್ಲೇನೋ?” ಇರಲಿಲ್ಲ. ಕ್ಯಾಮರಾ ಹಿಡಿದವರು ಚಿತ್ರದೊಳಗೆ ಬರುವುದೆಂತು?

ಆ ರಾತ್ರಿ ಡಬ್ಬಿಯನ್ನು ತೆರೆದೆ. ಹಲಸಿಯ ನೆಗೆಟಿವ್ ಸಿಕ್ಕಿತು, ಚೌಕ ಪೂರ್ತಿಯಾಗಿತ್ತು. ಬೆಳಗಿಸಿದ ಬಿಳಿ ಗಾಜಿನ ಮೇಲೆ ಅದನ್ನಿಟ್ಟೆ. ನೆಗೆಟಿವಿನಲ್ಲಿ ಬಿಸಿಲು ಕಪ್ಪಾಗಿ, ನೆರಳು ತಿಳಿಯಾಗಿ ಕಾಣುವುದು ಅದರ ಧರ್ಮ. ನಾನು ಕತ್ತರಿಸಿ ಹಾಕಿಸಿದ್ದ ತಂದೆಯವರು ಅಲ್ಲಿ ಬೆಳಕಾಗಿ ನಿಂತಿದ್ದರು. ಡಿ ೯೦ರಿಂದ ಪ್ರತಿ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪು ಬಿಳುಪುಗಳನ್ನು ತಿರುವುಮುರುವು ಮಾಡಿ ಅವ್ವನಿಗೆ ತೋರಿಸಿದೆ. ಆಕೆ ನನ್ನನ್ನೂ ನೋಡಲಿಲ್ಲ, ತನ್ನನ್ನೂ ನೋಡಲಿಲ್ಲ. ನೆರಳಿನ ಮೇಲೆ ಬೆರಳಿಟ್ಟು, “ಹೀಂಗs ಮೊಣಕೈ ಎತ್ತಿ ಹಿಡೀತಿದ್ರು” ಎಂದಳು.

ಫೋಟೋವನ್ನು ಛಾಯಾಚಿತ್ರವೆಂದು ಕರೆದವರು ಯಾರೋ ಅರಿಯೆ. ನಮ್ಮ ಮನೆಯ ಮಟ್ಟಿಗೆ ಆ ಮಾತು ಅಕ್ಷರಶಃ ನಿಜವಾಯಿತು. ಈಗ ಹೊಸ ಮನೆಯ ಗೋಡೆಯ ಮೇಲೆ ಪೂರ್ತಿ ಚೌಕವಿದೆ. ಬಂದ ಮಿತ್ರರಲ್ಲಿ ಬಲ್ಲವರು, “ಕೆಳಗಿನ ನೆರಳನ್ನು ತೆಗೆಸಬಹುದಿತ್ತು” ಎನ್ನುತ್ತಾರೆ. ನಾನು ಅವರಿಗೆ ಇನ್ನೊಂದು ಕಪ್ಪು ಚಹ ಕೊಡುತ್ತೇನೆ.