ಎದೆಯ ಮರುದನಿ

ಹೃದಯವೆಂದರೆ ನಮ್ಮಂಥ ಕನ್ನಡ ಅಧ್ಯಾಪಕರಿಗೆ ಕಾವ್ಯದ ವಸ್ತು. ‘ಸಹೃದಯ’ ಎಂಬ ಮಾತನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿಲ್ಲ! ಆದರೆ ಮಿಡಿಯುವ ಹೃದಯವನ್ನು ಕಣ್ಣಾರೆ ಕಾಣುವ ಸಂದರ್ಭ ನನಗೊದಗಿದುದು ಆಸ್ಪತ್ರೆಯೊಂದರಲ್ಲಿ. ಎಪ್ಪತ್ತೆಂಟರ ಸೋದರತ್ತೆ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದರು. ಶಸ್ತ್ರಕ್ರಿಯೆ ಮರುದಿನವೆಂದು ಗೊತ್ತಾಗಿತ್ತು. ಅರಿವಳಿಕೆಯ ವೈದ್ಯರು ಎದೆಗೆ ಸ್ಟೆತಾಸ್ಕೋಪಿಟ್ಟು ಆಲಿಸಿ, “ಏನೋ ಮರ್ಮರ ಕೇಳುತ್ತಿದೆ, ಎಕೋ ಮಾಡಿ ನೋಡೋಣ” ಎಂದರು.

ಎಕೋ ಎಂದರೆ ಮರುದನಿಯೇ. ನಮ್ಮ ಕಿವಿಗೆ ನಿಲುಕುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ನಾದ. ಇಲ್ಲಿ ಬಳಸುವುದು ಹತ್ತಾರು ಲಕ್ಷ ಕಂಪನಗಳದು. ಅದು ಹೃದಯದ ಗೋಡೆಗೂ ಕವಾಟಗಳಿಗೂ ತಾಗಿ ಮರಳುತ್ತದೆ. ಮರಳಲು ಹಿಡಿದ ಕಾಲದಿಂದ ದೂರವನ್ನೆಣಿಸಿ ಯಂತ್ರವು ಚಿತ್ರ ಬರೆಯುತ್ತದೆ.

ಈ ವಿದ್ಯೆ ಹುಟ್ಟಿದ್ದೂ ಶಸ್ತ್ರಕ್ರಿಯೆಯ ಚಿಂತೆಯಿಂದಲೇ. ಸ್ವೀಡನ್ನಿನ ಲುಂಡ್ ನಗರದ ವೈದ್ಯ ಇಂಗೆ ಎಡ್ಲರ್ ಅವರಿಗೆ, ಮೈಟ್ರಲ್ ಕವಾಟ ಕೆಟ್ಟ ರೋಗಿಗಳಲ್ಲಿ ಯಾರಿಗೆ ಶಸ್ತ್ರಕ್ರಿಯೆ ತಕ್ಕುದೆಂದು ಮುಂಚಿತವಾಗಿ ತಿಳಿಯಬೇಕಾಗಿತ್ತು. ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಜೊತೆಗೂಡಿದರು. ಲೋಹದೊಳಗಿನ ಬಿರುಕನ್ನು ಹುಡುಕುವ ಯಂತ್ರವೊಂದನ್ನು ಎರವಲು ತಂದು, 1953ರ ಅಕ್ಟೋಬರಿನಲ್ಲಿ ಅವರು ಹೃದಯದ ಮರುದನಿಯನ್ನು ದಾಖಲಿಸಿದರು.

ಅತ್ತೆಯ ಚಿತ್ರದಲ್ಲಿ ಮಹಾಪಧಮನಿಯ ಕವಾಟ ಬಹಳ ಕಿರಿದಾಗಿತ್ತು. ಅಂಥವರಿಗೆ ಅರಿವಳಿಕೆಯಿಂದ ರಕ್ತದೊತ್ತಡ ಫಕ್ಕನೆ ಕುಸಿದರೆ ಹೃದಯಕ್ಕೇ ರಕ್ತ ಸಾಲದೆ ಹೋಗುವ ಭಯ. ಶಸ್ತ್ರಕ್ರಿಯೆ ನಿಲ್ಲಲಿಲ್ಲ, ಅದರ ಕ್ರಮ ಬದಲಾಯಿತು. ಮಣಿಕಟ್ಟಿನ ಧಮನಿಯಲ್ಲಿ ಒತ್ತಡವನ್ನು ಕ್ಷಣಕ್ಷಣಕ್ಕೂ ಅಳೆದರು; ಅರಿವಳಿಕೆಯನ್ನು ಹನಿಹನಿಯಾಗಿ ಕೊಟ್ಟರು; ಆ ರಾತ್ರಿ ತೀವ್ರ ನಿಗಾದಲ್ಲಿಟ್ಟರು.

ಶಸ್ತ್ರಕ್ರಿಯೆಯ ನಡುವೆಯೂ ಈ ಕಣ್ಣಿಗೆ ಕೆಲಸವುಂಟು. ಬೇಕಾದಾಗ ಅನ್ನನಾಳದೊಳಕ್ಕೆ ಶೋಧಕವನ್ನಿಳಿಸಿ ಹೃದಯವನ್ನು ಬೆನ್ನ ಕಡೆಯಿಂದ ನೋಡುತ್ತಾರೆ. ಒತ್ತಡ ಕುಸಿದಿತೆನ್ನಿ: ರಕ್ತ ಸೋರಿ ಬರಿದಾದ ಹೃದಯಕ್ಕೆ ದ್ರವ ತುಂಬಬೇಕು, ದಣಿದು ಹಿಗ್ಗಿದ ಹೃದಯಕ್ಕೆ ಅದೇ ದ್ರವ ಕೇಡು. ಮಾಪಕದ ಅಂಕಿ ಎರಡರಲ್ಲೂ ಒಂದೇ. ಭೇದವನ್ನು ತೋರುವುದು ಚಿತ್ರ. ಹಾಗೆಂದು ಎಲ್ಲ ರೋಗಿಗಳಿಗೂ ಎಕೋ ಬೇಕೆಂದಲ್ಲ. ಸಂಶಯಕ್ಕೆ ಕಾರಣವಿರಬೇಕು, ನೋಡುವ ಕಣ್ಣು ಪಳಗಿರಬೇಕು. ಮೊದಲು ಸಂಶಯ ಹುಟ್ಟಿಸಿದ್ದು, ಅಂದು, ಆಲಿಸುವ ತಾಳ್ಮೆಯಿದ್ದ ಒಂದು ಕಿವಿ.

ಎಚ್ಚರವಾದ ಮೇಲೆ ಅತ್ತೆ ಕೇಳಿದರು: “ನನ್ನ ಎದೆಯಲ್ಲಿ ಏನು ಕಂಡಿತಪ್ಪಾ?”

“ಬಾಗಿಲು ಕಿರಿದಂತೆ, ಅತ್ತೆ.”

ಹಾಸಿಗೆಯ ಸುತ್ತ ನೆರೆದಿದ್ದ ನಮ್ಮನ್ನೆಲ್ಲ ನೋಡಿ ಅವರು ನಕ್ಕರು: “ಆದರೂ ಇಷ್ಟು ಜನ ಒಳಗೆ ಬಂದಿದ್ದೀರಲ್ಲ!”