ಬಳ್ಳಾರಿಯಲ್ಲಿ ಹುಟ್ಟಿದ ಬ್ಯಾಂಕು, ಮನೆಬಾಗಿಲಿಗೆ ಬಂದ ಖಾತೆ

ತೆಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ಈಗ ಮಂಡಕ್ಕಿ-ಮಿರ್ಚಿ ಗಾಡಿಯಲ್ಲೂ ಕ್ಯೂಆರ್ ಕೋಡ್ ಅಂಟಿರುತ್ತದೆ. ಹಣ ಬಂದದ್ದನ್ನು ಪುಟ್ಟ ಸ್ಪೀಕರ್ ಕನ್ನಡದಲ್ಲೇ ಕೂಗಿ ಹೇಳುತ್ತದೆ. ಇದೆಲ್ಲ ಮೊಬೈಲಿನ ಮಹಿಮೆ ಎಂದರೆ ಅರ್ಧ ಸತ್ಯ. ಹಣ ಬಂದು ಬೀಳಲು ಒಂದು ಖಾತೆ ಬೇಕು. ಆ ಖಾತೆ ಹಳ್ಳಿಗೆ ಬಂದದ್ದು ಐವತ್ತು ವರ್ಷಗಳ ದುಡಿಮೆಯಿಂದ.

1969ರ ಜುಲೈನಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿದ್ದವು. ಆದರೂ ಮಳೆ ನೆಚ್ಚಿ ಬಿತ್ತುವ ಸಣ್ಣ ರೈತನಿಗೆ ಸಾಹುಕಾರನ ಬಾಗಿಲು ತಪ್ಪಲಿಲ್ಲ. ಈ ಕೊರತೆ ನೀಗಲು ನರಸಿಂಹಮ್ ಸಮಿತಿಯ ಸಲಹೆಯಂತೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಮೊದಲ ಐದು ಗ್ರಾಮೀಣ ಬ್ಯಾಂಕುಗಳು ತೆರೆದವು. 1976ರಲ್ಲಿ ಕೆನರಾ ಬ್ಯಾಂಕಿನ ಆಸರೆಯಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಹುಟ್ಟಿತು. ಗ್ರಾಮೀಣ ಬ್ಯಾಂಕಿನ ಬಂಡವಾಳದಲ್ಲಿ ಕೇಂದ್ರದ್ದು ಶೇ 50, ರಾಜ್ಯದ್ದು ಶೇ 15, ಪ್ರಾಯೋಜಕ ಬ್ಯಾಂಕಿನದು ಶೇ 35. ಸಣ್ಣ ರೈತರು, ಕೂಲಿಕಾರರು, ಕುಶಲಕರ್ಮಿಗಳಿಗೆ ಸಾಲ ಕೊಡುವುದೇ ಅದರ ಮೊದಲ ಗುರಿ.

ಹೆಣ್ಣುಮಕ್ಕಳು ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಸಂಘಗಳ ಬಲದಿಂದ. ಬೆಂಗಳೂರಿನ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕಟ್ಟಿದ ಸ್ವಸಹಾಯ ಗುಂಪುಗಳ ಅನುಭವವೂ 1992ರಲ್ಲಿ ನಬಾರ್ಡ್ ಆರಂಭಿಸಿದ ಸಂಘ-ಬ್ಯಾಂಕ್ ಜೋಡಣೆಗೆ ದಾರಿ ಮಾಡಿತು. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಅಡವಿಡಲು ಏನೂ ಇಲ್ಲದವರಿಗೆ ವಾರದ ಉಳಿತಾಯವೂ ಸಂಘದ ಮಾತೂ ಜಾಮೀನಾದವು.

2006ರಲ್ಲಿ ರಿಸರ್ವ್ ಬ್ಯಾಂಕು ಶಾಖೆಯಿಲ್ಲದ ಕಡೆ ಪ್ರತಿನಿಧಿಗಳನ್ನು ನೇಮಿಸಲು ಬ್ಯಾಂಕುಗಳಿಗೆ ಒಪ್ಪಿಗೆ ಕೊಟ್ಟಿತು. ಬ್ಯಾಂಕೇ ಜನರ ಬಳಿ ಹೋಗುವುದು ಕನ್ನಡನಾಡಿಗೆ ಹೊಸದಲ್ಲ. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಏಜೆಂಟರು 1928ರಿಂದಲೇ ಮನೆಮನೆಗೆ ತಿರುಗಿ ಚಿಲ್ಲರೆ ಕೂಡಿಸುತ್ತಿದ್ದರು. 2014ರಲ್ಲಿ ಜನಧನ್ ಖಾತೆಗಳು ತೆರೆದ ಮೇಲೆ ಬ್ಯಾಂಕ್ ಮಿತ್ರರೆನಿಸಿದ ಈ ಪ್ರತಿನಿಧಿಗಳ ಬೆರಳಚ್ಚು ಯಂತ್ರ ಹಳ್ಳಿಗೆ ಪರಿಚಿತವಾಯಿತು. 2016ರಲ್ಲಿ ಬಂದ ಯುಪಿಐಗೆ ಈ ಖಾತೆಗಳೇ ನೆಲ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮನೆಯೊಡತಿಯ ಹೆಸರಿಗೇ ಬರತೊಡಗಿದ್ದೂ ಇದೇ ದಾರಿಯಲ್ಲಿ. ಬೇರೆ ದಾರಿಯೂ ಉಂಟು: ಕೆನ್ಯಾದಲ್ಲಿ 2007ರಲ್ಲಿ ಆರಂಭವಾದ ಮೊಬೈಲ್ ಹಣ ಸೇವೆ ಎಂ-ಪೆಸಾ, ಬ್ಯಾಂಕ್ ಖಾತೆಯೇ ಇಲ್ಲದವರಿಗೂ ಹಣ ಕಳಿಸಲು ನೆರವಾಯಿತು. ಅಲ್ಲೂ ನೋಟು ಕೊಟ್ಟು ಪಡೆಯಲು ಬೀದಿಯಂಗಡಿಯ ಏಜೆಂಟನೇ ಆಧಾರ.

ಈ ನಡುವೆ ತುಂಗಭದ್ರಾ ಬ್ಯಾಂಕು 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಜೊತೆಗೂಡಿ, ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಉಳಿಯಿತು. ಕೇಂದ್ರ ಕಚೇರಿ ಬಳ್ಳಾರಿಯಲ್ಲೇ ಇದೆ. ಅದೇ ವರ್ಷದ ಜುಲೈನಲ್ಲಿ ಯುಪಿಐ ವಹಿವಾಟು ಆಧರಿಸಿ ಜಿಎಸ್‌ಟಿ ನೋಟಿಸು ಬಂದಾಗ ರಾಜ್ಯದ ಹಲವು ಸಣ್ಣ ವ್ಯಾಪಾರಿಗಳು ಕ್ಯೂಆರ್ ಕೋಡ್ ಕಿತ್ತು ನಗದಿಗೆ ಮರಳಿದರು. ನಂಬಿಕೆ ಅಲುಗಿದರೆ ತಂತ್ರಜ್ಞಾನವೊಂದೇ ನಿಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೂಲಿ ಮಾಡಿ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದಾಗ, ಒಟಿಪಿ ಕೇಳಿ ಮೋಸದ ಕರೆ ಬಂದಾಗ ಅಜ್ಜಿಗೆ ಬೇಕಾದದ್ದು ಅವಳ ಮಾತಿನಲ್ಲಿ ಉತ್ತರಿಸುವ ಒಬ್ಬ ಮನುಷ್ಯ. ಬ್ಯಾಂಕು ಎಷ್ಟೇ ದೊಡ್ಡದಾಗಲಿ, ಕನ್ನಡ ಬಲ್ಲ ಸಿಬ್ಬಂದಿ ಶಾಖೆಯಲ್ಲಿರಬೇಕು, ಬ್ಯಾಂಕ್ ಮಿತ್ರರಿಗೆ ಬದುಕಲು ಸಾಲುವಷ್ಟು ಕಮಿಷನ್ ಸಿಗಬೇಕು. ಅಷ್ಟಾದರೆ ಮಾತ್ರ ಖಾತೆಯಲ್ಲಿರುವ ಹಣ ಅದರ ಒಡತಿಯ ಕೈಗೆ ಸೇರುತ್ತದೆ.