ವಯಸ್ಸಾದ ನಾಯಿ ಸುಖವಾಗಿದೆಯೇ? ಕೇಳಬೇಕಾದ ಏಳು ಪ್ರಶ್ನೆಗಳು



ನೀವು ಚಿಕ್ಕವರಿದ್ದಾಗ ಮನೆಗೆ ಬಂದ ನಾಯಿಮರಿಗೆ ಈಗ ಹನ್ನೆರಡು, ಹದಿಮೂರು ವರ್ಷ. ರಜೆಗೆ ನೀವು ಮನೆಗೆ ಹೋದರೆ ಅದು ಬಾಗಿಲಿಗೆ ಓಡಿ ಬರುವುದಿಲ್ಲ, ಮಲಗಿದಲ್ಲೇ ಬಾಲ ಅಲ್ಲಾಡಿಸುತ್ತದೆ. "ವಯಸ್ಸಾಯ್ತು, ಅಷ್ಟೇ" ಅಂತಾರೆ ಅಪ್ಪ. "ಊಟ ಮಾಡ್ತಿದೆಯಲ್ಲ, ಚೆನ್ನಾಗೇ ಇದೆ" ಅಂತಾರೆ ಅಮ್ಮ. ನಿಮಗೆ ಮಾತ್ರ ಅನುಮಾನ: ಇದಕ್ಕೆ ನೋವಾಗುತ್ತಿದೆಯೇ?

ಇದನ್ನು ಅಳೆಯಲು ಅಮೆರಿಕದ ಪಶುವೈದ್ಯೆ, ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ಒಂದು ಪಟ್ಟಿ ಕೊಟ್ಟರು. ಅದರಲ್ಲಿ ಏಳು ವಿಷಯಗಳಿವೆ: ನೋವು, ಹಸಿವು, ನೀರು, ಶುಚಿ, ಸಂತೋಷ, ಓಡಾಟ, ಮತ್ತು ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು. ಒಂದೊಂದಕ್ಕೂ 0ರಿಂದ 10 ಅಂಕ. ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು ಎಂದು ಲೆಕ್ಕ.

ಮೊದಲನೆಯದೇ ಕಷ್ಟದ್ದು. ನೋವಾದರೆ ನಾಯಿ ಕೂಗಿಯೇ ಕೂಗುತ್ತದೆ ಎಂದುಕೊಳ್ಳಬೇಡಿ. ರಾತ್ರಿ ಮಲಗಲಾರದೆ ಸುತ್ತುವುದು, ಸೆಕೆಯಿಲ್ಲದಿದ್ದರೂ ಏದುಸಿರು ಬಿಡುವುದು, ಒಂದೇ ಜಾಗ ನೆಕ್ಕುವುದು, ಮುಟ್ಟಿದರೆ ಸರಿದುಕೊಳ್ಳುವುದು, ಇವೆಲ್ಲ ನೋವಿನ ಗುರುತುಗಳಿರಬಹುದು. ಉಸಿರಾಟದ ಕಷ್ಟವೂ ಈ ಲೆಕ್ಕಕ್ಕೇ ಸೇರುತ್ತದೆ. ಒಂದು ಎಚ್ಚರಿಕೆ: ನಮ್ಮ ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಮಾತ್ರೆಗಳನ್ನು ನಾಯಿಗೆ ಕೊಡಬೇಡಿ. ಅವು ಅದಕ್ಕೆ ವಿಷವಾಗಬಲ್ಲವು.

ಉಳಿದವು ನೋಡಿದರೆ ಗೊತ್ತಾಗುತ್ತವೆ. ತಾನಾಗಿ ತಿನ್ನುತ್ತದೆಯೇ, ಅಮ್ಮ ಕೈತುತ್ತು ಕೊಟ್ಟರೆ ಮಾತ್ರವೇ? ವಸಡು ಒಣಗಿ ಅಂಟಂಟಾಗಿದೆಯೇ? ಮೂತ್ರ ಮಾಡಿದ ಜಾಗದಲ್ಲೇ ಮಲಗಿರುತ್ತದೆಯೇ? ನಿಮ್ಮ ದನಿ ಕೇಳಿ ಕಿವಿ ನಿಮಿರುತ್ತದೆಯೇ? ತಾನೇ ಎದ್ದು ನಿಲ್ಲುತ್ತದೆಯೇ?

ಇನ್ನು ದಿನಗಳ ಲೆಕ್ಕ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಒಂದು ಗುರುತು ಹಾಕಿ, ಒಳ್ಳೆಯ ದಿನಕ್ಕೆ ಒಂದು, ಕೆಟ್ಟ ದಿನಕ್ಕೆ ಇನ್ನೊಂದು. ದಿನಾ ನೋಡುವವರ ಕಣ್ಣಿಗೆ ನಿಧಾನವಾದ ಬದಲಾವಣೆ ಬೀಳುವುದಿಲ್ಲ. ಕ್ಯಾಲೆಂಡರಿನಲ್ಲಿ ಅದು ಕಾಣುತ್ತದೆ. ವಾರಕ್ಕೊಮ್ಮೆ ಮನೆಯವರೆಲ್ಲ ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಹೋಲಿಸಿ.

ಅಂಕ ಕಡಿಮೆ ಬಂದರೆ ಅದೇ ತೀರ್ಪಲ್ಲ. ಪಟ್ಟಿಯನ್ನು ಡಾಕ್ಟರ ಮುಂದಿಟ್ಟು, ಇದರಲ್ಲಿ ಯಾವುದನ್ನು ಸುಧಾರಿಸಬಹುದು ಎಂದು ಕೇಳಿ. ಸರಿಯಾದ ನೋವಿನ ಔಷಧಿ, ಜಾರುವ ನೆಲಕ್ಕೊಂದು ಕಾರ್ಪೆಟ್, ಇಷ್ಟರಿಂದಲೇ ಕೆಲವು ನಾಯಿಗಳು ಮತ್ತೆ ಓಡಾಡುತ್ತವೆ.

ಏನು ಮಾಡಿದರೂ ಅಂಕ ಇಳಿಯುತ್ತಲೇ ಇದ್ದರೆ ಡಾಕ್ಟರು ದಯಾಮರಣದ ಮಾತೆತ್ತಬಹುದು. ಇಂಜೆಕ್ಷನ್ ಕೊಟ್ಟಾಗ ಮೊದಲು ಪ್ರಜ್ಞೆ ತಪ್ಪುತ್ತದೆ, ಆಮೇಲೆ ಹೃದಯ ನಿಲ್ಲುತ್ತದೆ. "ಪ್ರಾಣ ತೆಗೆಯೋಕೆ ನಾವ್ಯಾರು?" ಎಂದು ಅಜ್ಜಿ ಫೋನಿನಲ್ಲಿ ಕೇಳಿದರೆ ವಾದಕ್ಕಿಳಿಯಬೇಡಿ. ಆ ಪ್ರಶ್ನೆಯಲ್ಲಿರುವುದೂ ಕರುಣೆಯೇ. ಕಳೆದ ತಿಂಗಳು ಹೇಗಿತ್ತು ಎಂದು ಕ್ಯಾಲೆಂಡರ್ ನೋಡಿ ಹೇಳಿ. ಮನೆಯಲ್ಲಿ ಡಾಕ್ಟರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವವರು ನೀವೇ ಆಗಿದ್ದರೆ, ನೋವು ಎಂಬ ಮಾತನ್ನು ನುಂಗಬೇಡಿ.

ಇವತ್ತೇ ಶುರುಮಾಡಿ. ರಾತ್ರಿ ಅದು ನಿದ್ದೆಹೋದಾಗ ಪಕ್ಕದಲ್ಲಿ ಕೂತು, ಒಂದು ನಿಮಿಷಕ್ಕೆ ಎಷ್ಟು ಸಲ ಎದೆ ಏರಿ ಇಳಿಯುತ್ತದೆ ಎಂದು ಎಣಿಸಿ. ಸಾಮಾನ್ಯವಾಗಿ 30ಕ್ಕಿಂತ ಕಡಿಮೆ ಇರಬೇಕು. ಮತ್ತೆ ಮತ್ತೆ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರಿಗೆ ಫೋನ್ ಮಾಡಿ. ಕಡಿಮೆ ಇದ್ದರೆ ಬರೆದಿಡಿ, ಇನ್ನೂ ಸ್ವಲ್ಪ ಹೊತ್ತು ಅದರ ಪಕ್ಕದಲ್ಲೇ ಕೂತಿರಿ.